ಪೈಲಟ್ ತೊಡೆಯ ಮೇಲಿನ ಟ್ಯಾಬ್: ಸಣ್ಣ ವಿಮಾನಕ್ಕೆ ಆಕಾಶದಲ್ಲಿ ದಾರಿ ಸಿಗುವುದು ಹೇಗೆ?

ಅಂಕೋಲಾ ಹತ್ತಿರದ ಅಲಗೇರಿಯಲ್ಲಿ ವಿಮಾನ ನಿಲ್ದಾಣ ಆಗುತ್ತದೆ ಎಂಬ ಮಾತು ಶುರುವಾಗಿ ವರ್ಷಗಳೇ ಆದವು. ನೌಕಾಪಡೆಯ ವಾಯುನೆಲೆ, ಅದರ ಮಗ್ಗುಲಲ್ಲೇ ನಾಗರಿಕ ವಿಮಾನಗಳಿಗೂ ಜಾಗ ಅನ್ನುವುದು ಯೋಜನೆ. ಅಂದಿನಿಂದ ನಮ್ಮ ಕಡೆಯ ಚಹಾ ಅಂಗಡಿಗಳಲ್ಲಿ ವಿಮಾನದ್ದೇ ಸುದ್ದಿ. ಜಮೀನು, ಪರಿಹಾರ, ಟಿಕೆಟ್ ದರ ಎಲ್ಲ ಮಾತಾಡಿ ಮುಗಿದ ಮೇಲೆ ಯಾರೋ ಒಬ್ಬರು ಕೇಳಿಯೇ ಕೇಳುತ್ತಾರೆ: "ಅಲ್ಲ, ಮೇಲೆ ರಸ್ತೆಯೂ ಇಲ್ಲ, ಬೋರ್ಡೂ ಇಲ್ಲ. ಅವರಿಗೆ ದಾರಿ ಹೇಗೆ ಗೊತ್ತಾಗ್ತದೆ?"

ಒಳ್ಳೆಯ ಪ್ರಶ್ನೆ. ನನಗೂ ಸರಿಯಾಗಿ ಗೊತ್ತಿರಲಿಲ್ಲ. ನನ್ನ ತಂಗಿಯ ಮಗಳು ಪೈಲಟ್ ತರಬೇತಿಯಲ್ಲಿದ್ದಾಳೆ. ಕಳೆದ ರಜೆಗೆ ಶಿರಸಿಗೆ ಬಂದವಳು ಬ್ಯಾಗಿನಿಂದ ಒಂದು ಸಣ್ಣ ಟ್ಯಾಬ್ ತೆಗೆದಳು. ಅದರ ಹಿಂದೆ ಒಂದು ತಗಡಿನ ಹಲಗೆ, ಹಲಗೆಗೆ ಅಗಲವಾದ ಎಲಾಸ್ಟಿಕ್ ಪಟ್ಟಿ. ಬಿಪಿ ನೋಡುವಾಗ ತೋಳಿಗೆ ಸುತ್ತುತ್ತಾರಲ್ಲ, ಹೆಚ್ಚುಕಮ್ಮಿ ಹಾಗೇ ಅದನ್ನು ತೊಡೆಗೆ ಸುತ್ತಿ ಅಂಟಿಸಿದಳು.

"ಇದರಲ್ಲಿ ವಿಮಾನ ಓಡಿಸ್ತೀರಾ?" ಅಂದೆ.

"ಓಡಿಸೋದಲ್ಲ ಮಾವ. ಎಲ್ಲಿದ್ದೇವೆ ಅಂತ ನೋಡೋದು."

ನಮ್ಮ ಮನೆಯಲ್ಲಿ ಅಂಥದ್ದೇ ಟ್ಯಾಬಿನಲ್ಲಿ ಮಕ್ಕಳು ಕಾರ್ಟೂನ್ ನೋಡುತ್ತಾರೆ. ಅಂಥ ವಸ್ತುವನ್ನು ನಂಬಿ ಜನ ಆಕಾಶಕ್ಕೆ ಏರುತ್ತಾರಾ? ಆ ಮಧ್ಯಾಹ್ನ ಅವಳು ಹೇಳಿದ್ದು, ಆಮೇಲೆ ನಾನು ಓದಿ ತಿಳಿದದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೊದಲು ಟ್ಯಾಬ್ ಇಲ್ಲದೆ ಹಾರೋಣ

ಸಣ್ಣ ವಿಮಾನ ಅಂದರೆ ಯಾವುದು? ತರಬೇತಿ ಶಾಲೆಗಳಲ್ಲಿ ಜಾಸ್ತಿ ಕಾಣುವುದು ಸೆಸ್ನಾ 172. ಒಂದು ಎಂಜಿನ್, ನಾಲ್ಕು ಸೀಟು. 1955ರಲ್ಲಿ ಮೊದಲು ಹಾರಿದ್ದು. ಜಗತ್ತಿನಲ್ಲಿ ಇದರಷ್ಟು ಸಂಖ್ಯೆಯಲ್ಲಿ ತಯಾರಾದ ವಿಮಾನ ಬೇರೊಂದಿಲ್ಲ. ವೇಗ ಸುಮಾರು 110 ನಾಟ್. ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲು, ಅಂದರೆ 1.852 ಕಿ.ಮೀ. ಬೈತಖೋಲ ಬಂದರಿನ ಬೋಟಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಸಮುದ್ರದ ಲೆಕ್ಕವೇ ಆಕಾಶಕ್ಕೂ ಹೋಗಿದೆ. 110 ನಾಟ್ ಅಂದರೆ ಗಂಟೆಗೆ ಸುಮಾರು 200 ಕಿ.ಮೀ.

ಈಗ ಹುಬ್ಬಳ್ಳಿಯಿಂದ ಕಾರವಾರದ ಮೇಲೆ ಹಾರಬೇಕು ಅಂದುಕೊಳ್ಳಿ. ನೇರ ಗೆರೆ ಎಳೆದರೆ ಸುಮಾರು 120 ಕಿ.ಮೀ., ಅಂದರೆ 65 ನಾಟಿಕಲ್ ಮೈಲು. ನೈಋತ್ಯಕ್ಕೆ ಮೂತಿ ಮಾಡಿ ಹೊರಟರೆ 35 ನಿಮಿಷ. ಯಲ್ಲಾಪುರದ ಕಾಡು, ಅಣಶಿ ಕಡೆಯ ಗುಡ್ಡ, ಕದ್ರಾ ಅಣೆಕಟ್ಟು, ಕಾಳಿ ನದಿ, ಆಮೇಲೆ ಸಮುದ್ರ. ಕೇಳಲಿಕ್ಕೆ ಸುಲಭ.

ಗಾಳಿ ಇದನ್ನು ಕೆಡಿಸುತ್ತದೆ. ತದಡಿಯಿಂದ ಅಘನಾಶಿನಿ ದಡಕ್ಕೆ ದೋಣಿಯಲ್ಲಿ ದಾಟಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಇಳಿತದ ಹೊತ್ತಿನಲ್ಲಿ ನೀರು ಸಮುದ್ರದ ಕಡೆ ಎಳೆಯುತ್ತಿರುತ್ತದೆ. ಎದುರಿನ ದಡದಲ್ಲಿ ಇಳಿಯಬೇಕಾದ ಜಾಗಕ್ಕೇ ನೇರ ಮೂತಿ ಮಾಡಿ ಹೊರಟರೆ ದೋಣಿ ಅಲ್ಲಿಗೆ ಮುಟ್ಟುವುದಿಲ್ಲ, ಕೆಳಗೆ ಎಲ್ಲೋ ಹೋಗಿ ಮುಟ್ಟುತ್ತದೆ. ಅದಕ್ಕೇ ದೋಣಿಯವನು ಮೂತಿಯನ್ನು ಸ್ವಲ್ಪ ಮೇಲಕ್ಕೆ, ನೀರು ಬರುವ ಕಡೆಗೆ, ತಿರುಗಿಸಿ ಇಡುತ್ತಾನೆ. ನೋಡುವವರಿಗೆ ದೋಣಿ ಸೊಟ್ಟ ಹೋಗುತ್ತಿರುವಂತೆ ಕಾಣುತ್ತದೆ. ಮುಟ್ಟುವುದು ಮಾತ್ರ ಸರಿಯಾದ ಜಾಗಕ್ಕೆ.

ವಿಮಾನದಲ್ಲೂ ಇದೇ. ಮೂತಿ ಯಾವ ಕಡೆ ಇದೆಯೋ ಅದಕ್ಕೆ ಹೆಡಿಂಗ್ ಅನ್ನುತ್ತಾರೆ. ನೆಲದ ಮೇಲೆ ವಿಮಾನ ನಿಜವಾಗಿ ಸಾಗುವ ಗೆರೆಗೆ ಟ್ರ್ಯಾಕ್ ಅನ್ನುತ್ತಾರೆ. ಗಾಳಿ ಬೀಸುತ್ತಿದ್ದರೆ ಎರಡೂ ಸಾಮಾನ್ಯವಾಗಿ ಬೇರೆಬೇರೆ. ಪೇಚು ಏನೆಂದರೆ, ನೀರು ಕಣ್ಣಿಗೆ ಕಾಣುತ್ತದೆ, ಗಾಳಿ ಕಾಣುವುದಿಲ್ಲ.

ಲೆಕ್ಕ ಮಾಡಿ ನೋಡೋಣ. ಪೈಲಟ್‌ಗಳ ಬಾಯಿಲೆಕ್ಕ ಒಂದಿದೆ: ಒಂದು ಡಿಗ್ರಿ ತಪ್ಪಿದರೆ 60 ಮೈಲು ಹೋಗುವಷ್ಟರಲ್ಲಿ ಒಂದು ಮೈಲು ಪಕ್ಕಕ್ಕೆ ಸರಿದಿರುತ್ತೀರಿ. ನಮ್ಮ ಹುಬ್ಬಳ್ಳಿ-ಕಾರವಾರ ದಾರಿಯೂ ಸುಮಾರು 60 ಮೈಲಿನದ್ದೇ, ಲೆಕ್ಕಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬೇಸಿಗೆಯ ಮಧ್ಯಾಹ್ನ ನಮ್ಮ ಕರಾವಳಿಯಲ್ಲಿ ವಾಯವ್ಯದಿಂದ ಗಾಳಿ ಬೀಸುತ್ತದೆ. ಅದು ಬರೀ 10 ನಾಟ್ ಇದೆ ಅಂತಿಟ್ಟುಕೊಳ್ಳಿ. ಒಣಗಲು ಹಾಕಿದ ಬಟ್ಟೆ ಪಟಪಟ ಅನ್ನುವಷ್ಟು, ಅಷ್ಟೇ. ಈ ಗಾಳಿ ಅಡ್ಡಡ್ಡ ತಳ್ಳಿದರೆ ನಮ್ಮ ಸೆಸ್ನಾ 5 ಡಿಗ್ರಿ ಸರಿಯುತ್ತದೆ. 35 ನಿಮಿಷ ಹಾರಿ ಕರಾವಳಿ ಮುಟ್ಟುವಾಗ ಕಾರವಾರ ಪೇಟೆಯಿಂದ ಸುಮಾರು 10 ಕಿ.ಮೀ. ಎಡಕ್ಕೆ ಇರುತ್ತೀರಿ. ಅಲ್ಲೇನಿದೆ? ಅರ್ಗಾ. ನೌಕಾನೆಲೆ. ಅದರ ನೆತ್ತಿಯ ಮೇಲೆ "ಸಾರ್, ಗಾಳಿ ತಳ್ಳಿತು" ಅನ್ನುವ ಹಾಗಿಲ್ಲ!

ಇದನ್ನು ತಪ್ಪಿಸಲು ಹಿಂದಿನವರು ಏನು ಮಾಡುತ್ತಿದ್ದರು? ನಕ್ಷೆ ಹರಡುತ್ತಿದ್ದರು. ಹತ್ತು ಲಕ್ಷಕ್ಕೆ ಒಂದು ಅಳತೆಯ ನಕ್ಷೆ, ಅಂದರೆ ಅದರಲ್ಲಿ 1 ಸೆಂ.ಮೀ. ಅಂದರೆ ನೆಲದಲ್ಲಿ 10 ಕಿ.ಮೀ. ಶಿರಸಿಯಿಂದ ಕಾರವಾರ ಆ ನಕ್ಷೆಯಲ್ಲಿ 8 ಸೆಂ.ಮೀ. ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಕೋನಮಾಪಕದಿಂದ ದಿಕ್ಕು ಅಳೆದು, ಹವಾಮಾನದವರು ಕೊಟ್ಟ ಗಾಳಿಯ ಲೆಕ್ಕ ಸೇರಿಸಿ, ಎಷ್ಟು ಡಿಗ್ರಿ ಮೂತಿ ತಿರುಗಿಸಬೇಕು, ಎಷ್ಟು ನಿಮಿಷಕ್ಕೆ ಯಾವ ಊರು ಕಾಣಬೇಕು ಎಂದು ಬರೆದುಕೊಳ್ಳುತ್ತಿದ್ದರು. ಆಮೇಲೆ ಗಡಿಯಾರ ನೋಡುತ್ತಾ, ಕೆಳಗೆ ನೋಡುತ್ತಾ ಹೋಗುವುದು. ತರಬೇತಿಯಲ್ಲಿ ಇದನ್ನು ಇಂದಿಗೂ ಕಲಿಸುತ್ತಾರೆ.

ನಮ್ಮ ಜಿಲ್ಲೆ ಇದಕ್ಕೆ ಹೇಳಿ ಮಾಡಿಸಿದ್ದು. ಕರಾವಳಿಯುದ್ದಕ್ಕೂ ಉತ್ತರದಿಂದ ದಕ್ಷಿಣಕ್ಕೆ ಹೋದರೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ನಾಲ್ಕು ನದಿ ಎಣಿಸಿದರೆ ಹೊನ್ನಾವರ ಬಂತು. ಅದನ್ನು ದಾಟಿದ ಮೇಲೆ ಸಮುದ್ರದಂಚಿಗೆ ಮುರುಡೇಶ್ವರದ ಶಿವ, ದೂರದಲ್ಲಿ ನೇತ್ರಾಣಿ ದ್ವೀಪ. ಮೀನುಗಾರರು ಗುಡ್ಡದ ತುದಿ ಮತ್ತು ದೀಪಸ್ತಂಭವನ್ನು ಒಂದೇ ಸಾಲಿಗೆ ತಂದು ಜಾಗ ಗುರುತಿಸುತ್ತಿದ್ದರಲ್ಲ, ಪೈಲಟ್‌ಗಳದ್ದೂ ಅದೇ ಜಾಣತನ.

ದೊಡ್ಡ ವಿಮಾನಗಳಲ್ಲಿ ಈ ಕೆಲಸಕ್ಕೇ ನ್ಯಾವಿಗೇಟರ್ ಎಂಬ ಬೇರೆ ಸಿಬ್ಬಂದಿ ಇರುತ್ತಿದ್ದರು. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಚಾಪಲ್ ಯುದ್ಧನೌಕೆಯ ಪಕ್ಕ ನಿಲ್ಲಿಸಿರುವ ಟುಪೊಲೆವ್ 142 ವಿಮಾನವನ್ನು ನೋಡಿದ್ದೀರಲ್ಲ? 1988ರಿಂದ 2017ರವರೆಗೆ ನೌಕಾಪಡೆಯಲ್ಲಿದ್ದ ವಿಮಾನ ಅದು. ಕಾಣುವುದೆಲ್ಲ ನೀರೇ ಆದ ಸಮುದ್ರದ ಮೇಲೆ ತಾಸುಗಟ್ಟಲೆ ಹಾರುವ ಅಂಥ ವಿಮಾನಕ್ಕೆ ನ್ಯಾವಿಗೇಟರ್ ಬೇಕೇ ಬೇಕಿತ್ತು. ಸಣ್ಣ ವಿಮಾನದಲ್ಲಿ ಆ ಭಾಗ್ಯ ಇಲ್ಲ. ಓಡಿಸುವವರೂ ಅವರೇ, ರೇಡಿಯೊದಲ್ಲಿ ಮಾತಾಡುವವರೂ ಅವರೇ, ನಕ್ಷೆ ಮಡಚುವವರೂ ಅವರೇ.

ನೀಲಿ ಚುಕ್ಕೆ ಬೇರೆ, ಕೆಳಗಿನ ನಕ್ಷೆ ಬೇರೆ

ಟ್ಯಾಬ್ ಮಾಡುವ ಕೆಲಸ ಇಷ್ಟೇ: ನಕ್ಷೆಯ ಮೇಲೆ "ನೀನು ಇಲ್ಲಿದ್ದೀಯ" ಅಂತ ಒಂದು ಗುರುತು ಇಡುವುದು. ಇದರಲ್ಲಿ ಎರಡು ಬೇರೆಬೇರೆ ವಸ್ತು ಸೇರಿವೆ ಅನ್ನುವುದು ನನಗೆ ತಿಳಿದದ್ದು ದೇವಿಮನೆ ಘಟ್ಟದಲ್ಲಿ.

ಒಂದು ಮಳೆಗಾಲ ಶಿರಸಿಯಿಂದ ಕುಮಟಾಕ್ಕೆ ಇಳಿಯುತ್ತಿದ್ದೆ. ಮೊಬೈಲಿನಲ್ಲಿ ದಾರಿ ತೋರಿಸುವ ಆ್ಯಪ್ ಹಾಕಿಕೊಂಡಿದ್ದೆ. ರಸ್ತೆ ಕೆಲಸ ಅಂತ ಒಂದು ಕಡೆ ಪಕ್ಕದ ದಾರಿಗೆ ತಿರುಗಿಸಿದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ನೆಟ್‌ವರ್ಕ್ ಮಾಯ. ಪರದೆಯಲ್ಲಿ ನಕ್ಷೆ ಹೋಗಿ ಬರೀ ಬೂದು ಬಣ್ಣದ ಚೌಕ ಉಳಿಯಿತು. ಆ ಬೂದು ಚೌಕದ ಮೇಲೆ ನೀಲಿ ಚುಕ್ಕೆ ಮಾತ್ರ ಠೀವಿಯಿಂದ ಓಡುತ್ತಲೇ ಇತ್ತು! ನಾನು ಎಲ್ಲಿದ್ದೇನೆ ಅಂತ ಮೊಬೈಲಿಗೆ ಚೆನ್ನಾಗಿ ಗೊತ್ತಿತ್ತು. ನನ್ನ ಸುತ್ತ ಏನಿದೆ ಅನ್ನುವುದು ಗೊತ್ತಿರಲಿಲ್ಲ. ಕೊನೆಗೆ ದಾರಿ ಹೇಳಿದ್ದು ಕೊಡೆ ಹಿಡಿದು ಹೋಗುತ್ತಿದ್ದ ಒಬ್ಬ ಅಜ್ಜ.

ಚುಕ್ಕೆ ಬರುವುದು ಉಪಗ್ರಹದಿಂದ. ನಕ್ಷೆ ಬರುವುದು ಇಂಟರ್ನೆಟ್ಟಿನಿಂದ, ಇಲ್ಲವೇ ಮೊದಲೇ ಇಳಿಸಿ ಇಟ್ಟುಕೊಂಡ ಫೈಲಿನಿಂದ. ಒಂದು ಕೆಟ್ಟರೂ ಇನ್ನೊಂದು ಇರಬಹುದು. ಮುಂದೆ ಬರೆದಿರುವುದನ್ನೆಲ್ಲ ಇದೊಂದನ್ನು ತಲೆಯಲ್ಲಿ ಇಟ್ಟುಕೊಂಡು ಓದಿ.

ಚುಕ್ಕೆ ಎಲ್ಲಿಂದ ಬರುತ್ತದೆ?

ಮಳೆಗಾಲದಲ್ಲಿ ಮಿಂಚು ಕಂಡ ಕೂಡಲೇ ಎಣಿಸುವ ಆಟ ಆಡಿದ್ದೀರಾ? ಮಿಂಚಿದ ಮೇಲೆ ಮೂರು ಸೆಕೆಂಡಿಗೆ ಗುಡುಗು ಕೇಳಿದರೆ ಸಿಡಿಲು ಸುಮಾರು ಒಂದು ಕಿ.ಮೀ. ಆಚೆ. ಶಬ್ದ ಬರಲು ಹಿಡಿದ ಹೊತ್ತಿನಿಂದ ದೂರ ಲೆಕ್ಕ ಹಾಕಿದಿರಿ. ಜಿಪಿಎಸ್ ಮಾಡುವುದೂ ಇದನ್ನೇ. ಗುಡುಗಿನ ಬದಲು ರೇಡಿಯೊ ಅಲೆ, ಅಷ್ಟೇ.

ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುತ್ತುತ್ತಿವೆ. ಕಮ್ಮಿ ಅಂದರೂ 24 ಇರಬೇಕು ಅನ್ನುವುದು ಲೆಕ್ಕ, ಈಗ ಅದಕ್ಕಿಂತ ಜಾಸ್ತಿಯೇ ಇವೆ. ಪ್ರತಿಯೊಂದೂ "ನಾನು ಇಂಥದ್ದು, ಇಲ್ಲಿದ್ದೇನೆ, ಈಗ ಸಮಯ ಇಷ್ಟು" ಅಂತ ಸಾರುತ್ತಲೇ ಇರುತ್ತದೆ. ನಿಮ್ಮ ಟ್ಯಾಬ್ ಅದನ್ನು ಕೇಳಿಸಿಕೊಂಡು, ಸಂದೇಶ ಬರಲು ಎಷ್ಟು ಹೊತ್ತು ಹಿಡಿಯಿತು ನೋಡಿ, ದೂರ ಲೆಕ್ಕ ಹಾಕುತ್ತದೆ.

ಒಂದು ಉಪಗ್ರಹದ ದೂರದಿಂದ ಉಪಯೋಗ ಇಲ್ಲ. "ಶಿರಸಿಯಿಂದ 40 ಕಿ.ಮೀ. ದೂರದಲ್ಲಿದ್ದೇನೆ" ಅಂದರೆ ಯಾವ ಕಡೆ ಅಂತ ಹುಡುಕುವುದು? ಕುಮಟಾದಿಂದ ಇಷ್ಟು, ಯಲ್ಲಾಪುರದಿಂದ ಇಷ್ಟು ಅಂತ ಇನ್ನೆರಡು ದೂರ ಸೇರಿಸಿದರೆ ಜಾಗ ಸಿಕ್ಕಿತು. ಹಾಗೆ ಮೂರು ದೂರ ಸಾಕು ಅನ್ನಿಸುತ್ತದೆ. ಆದರೆ ನಾಲ್ಕನೆಯದೂ ಬೇಕು. ಕಾರಣ ಗಡಿಯಾರ. ಉಪಗ್ರಹದಲ್ಲಿ ಇರುವುದು ದುಬಾರಿ ಪರಮಾಣು ಗಡಿಯಾರ, ಟ್ಯಾಬಿನಲ್ಲಿ ಇರುವುದು ಅಗ್ಗದ್ದು. ರೇಡಿಯೊ ಅಲೆ ಬೆಳಕಿನ ವೇಗದಲ್ಲಿ ಬರುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ಗಡಿಯಾರ ತಪ್ಪಿದರೂ ದೂರ 300 ಮೀಟರ್ ತಪ್ಪುತ್ತದೆ. ನಾಲ್ಕನೇ ಉಪಗ್ರಹ ಸಿಕ್ಕಿದರೆ ಟ್ಯಾಬ್ ತನ್ನ ಗಡಿಯಾರದ ತಪ್ಪನ್ನೂ ಲೆಕ್ಕದಲ್ಲೇ ತಿದ್ದಿಕೊಳ್ಳುತ್ತದೆ.

ಇದೆಲ್ಲ ಒಂದೇ ಕಡೆಯ ಮಾತು. ಕಾರವಾರ ಆಕಾಶವಾಣಿಯವರಿಗೆ ಯಾರ ಮನೆಯಲ್ಲಿ ರೇಡಿಯೊ ಹಾಕಿದ್ದಾರೆ ಅಂತ ಗೊತ್ತಾಗುತ್ತದಾ? ಇಲ್ಲ. ಉಪಗ್ರಹಕ್ಕೂ ನಿಮ್ಮ ಟ್ಯಾಬ್ ಇರುವುದೇ ಗೊತ್ತಿಲ್ಲ. ಅದಕ್ಕೇ ಸಿಮ್ ಇಲ್ಲದಿದ್ದರೂ, ಡೇಟಾ ಮುಗಿದಿದ್ದರೂ, ನಡುಸಮುದ್ರದಲ್ಲಿದ್ದರೂ ಚುಕ್ಕೆ ಬರುತ್ತದೆ.

ಇಲ್ಲೊಂದು ತಮಾಷೆ ಇದೆ. ಬರೀ ವೈಫೈ ಇರುವ ಐಪ್ಯಾಡ್‌ನಲ್ಲಿ ಜಿಪಿಎಸ್ ಚಿಪ್ಪೇ ಇರುವುದಿಲ್ಲ. ಸಿಮ್ ಹಾಕುವ ಮಾದರಿಯಲ್ಲಿ ಮಾತ್ರ ಇರುತ್ತದೆ. ಮನೆಯಲ್ಲಿ ಕೂತಾಗ ಎರಡೂ ಜಾಗ ತೋರಿಸುತ್ತವೆ, ಏಕೆಂದರೆ ವೈಫೈ ನೋಡಿಯೂ ಅಂದಾಜು ಜಾಗ ಹೇಳಬಹುದು. ಮೇಲೆ ಹೋದ ಮೇಲೆ ಬಣ್ಣ ಬಯಲು. ದುಡ್ಡು ಉಳಿಸಲು ವೈಫೈ ಮಾದರಿ ತಂದವರು ಆಮೇಲೆ ಬೇರೆ ಜಿಪಿಎಸ್ ಡಬ್ಬಿ ಕೊಂಡು ಬ್ಲೂಟೂತ್‌ನಲ್ಲಿ ಜೋಡಿಸಬೇಕು.

ಈ ಸೌಲಭ್ಯ ಎಲ್ಲರಿಗೂ ಸಿಕ್ಕಿದ್ದರ ಹಿಂದೆ ಒಂದು ದುರಂತವೂ ಇದೆ. 1983ರ ಸೆಪ್ಟೆಂಬರ್ 1ರಂದು ಕೊರಿಯಾದ ಪ್ರಯಾಣಿಕ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ಆಕಾಶಕ್ಕೆ ಹೋಯಿತು. ಯುದ್ಧವಿಮಾನ ಅದನ್ನು ಹೊಡೆದುರುಳಿಸಿತು. 269 ಜನ ಸತ್ತರು. ಸೈನ್ಯಕ್ಕೆಂದು ಕಟ್ಟುತ್ತಿದ್ದ ಜಿಪಿಎಸ್ ಅನ್ನು ನಾಗರಿಕರಿಗೂ ಬಿಟ್ಟುಕೊಡುತ್ತೇವೆ ಎಂದು ಅಮೆರಿಕದ ಅಧ್ಯಕ್ಷ ರೇಗನ್ ಘೋಷಿಸಿದ್ದು ಅದರ ಬೆನ್ನಿಗೇ. ಆದರೂ ನಾಗರಿಕರಿಗೆ ಸಿಗುತ್ತಿದ್ದ ಅಲೆಯಲ್ಲಿ ಬೇಕಂತಲೇ ತಪ್ಪು ಬೆರೆಸುತ್ತಿದ್ದರು. ಅದನ್ನು ನಿಲ್ಲಿಸಿದ್ದು 2000ದ ಮೇ 2ರಂದು. ಈಗ ಟ್ಯಾಬಿನ ಚುಕ್ಕೆ ಕೆಲವೇ ಮೀಟರ್ ಆಚೀಚೆ ಇರುತ್ತದೆ.

ನಕ್ಷೆಗೆ 28 ದಿನದ ಆಯುಸ್ಸು

ಪೈಲಟ್ ಟ್ಯಾಬಿನಲ್ಲಿರುವುದು ನಮ್ಮ ಮೊಬೈಲಿನ ರಸ್ತೆ ನಕ್ಷೆ ಅಲ್ಲ. ನಾನು ತಂಗಿಯ ಮಗಳ ಪರದೆ ನೋಡಿದಾಗ ಮೊದಲು ಏನೂ ತಿಳಿಯಲಿಲ್ಲ. ಊರುಗಳ ಹೆಸರು ಕಮ್ಮಿ. ದೊಡ್ಡ ದೊಡ್ಡ ವೃತ್ತಗಳು, ಚುಕ್ಕೆ ಗೆರೆಗಳು, ಅಂಕಿಗಳು.

ಆ ವೃತ್ತಗಳು ಆಕಾಶದ ಬೇಲಿಗಳು. ಆಕಾಶ ಖಾಲಿ ಕಂಡರೂ ಅದನ್ನು ಪಾಲು ಮಾಡಿ ಇಟ್ಟಿದ್ದಾರೆ. ಇಲ್ಲಿ ನುಗ್ಗಬೇಕಾದರೆ ಇಂಥ ನಿಲ್ದಾಣದ ನಿಯಂತ್ರಣ ಗೋಪುರದ ಅನುಮತಿ ಬೇಕು, ಇಲ್ಲಿ ಇಷ್ಟು ಎತ್ತರದ ಕೆಳಗೆ ಬರಬೇಡಿ, ಇಲ್ಲಿ ಬರಲೇಬೇಡಿ. ನಮ್ಮ ಕಡೆ ಇದರ ಬಿಸಿ ಜಾಸ್ತಿ. ಇಲ್ಲಿ ನೌಕಾನೆಲೆ ಇದೆ, ಕೈಗಾ ಅಣುಸ್ಥಾವರ ಇದೆ. ಕಾರವಾರದಿಂದ ನೇರ ಗೆರೆಯಲ್ಲಿ 70 ಕಿ.ಮೀ. ಆಚೆ ಇರುವ ಗೋವಾದ ದಾಬೋಲಿಂನಲ್ಲಿ ವಿಮಾನಗಳನ್ನು ನಿಯಂತ್ರಿಸುವುದೂ ನೌಕಾಪಡೆಯೇ. ಕಾಗದದ ನಕ್ಷೆಯಲ್ಲಿ ಬೇಲಿ ಕಾಣುತ್ತದೆ, ಬೇಲಿಯಿಂದ ನೀವೆಷ್ಟು ದೂರ ಅನ್ನುವುದು ಕಾಣುವುದಿಲ್ಲ. ಟ್ಯಾಬಿನಲ್ಲಿ ಎರಡೂ ಒಟ್ಟಿಗೆ ಕಾಣುತ್ತವೆ. ಸಾಕಷ್ಟು ಮೊದಲೇ ಎಚ್ಚರಿಕೆಯೂ ಬರುತ್ತದೆ. ನನ್ನನ್ನು ಕೇಳಿದರೆ ಟ್ಯಾಬಿನ ದೊಡ್ಡ ಉಪಕಾರ ಇದೇ.

ಇನ್ನೊಂದು ಉಪಕಾರ ಗುಡ್ಡದ್ದು. ಕುಮಟಾದಿಂದ ಶಿರಸಿ ನೇರ ಗೆರೆಯಲ್ಲಿ 50 ಕಿ.ಮೀ. ಸೆಸ್ನಾಕ್ಕೆ ಬರೀ 15 ನಿಮಿಷ. ಅಷ್ಟರಲ್ಲಿ ನೆಲ ಸಮುದ್ರಮಟ್ಟದಿಂದ ಸುಮಾರು 590 ಮೀಟರ್‌ಗೆ, ಪೈಲಟ್ ಲೆಕ್ಕದಲ್ಲಿ 1,900 ಅಡಿ ಮೇಲಕ್ಕೆ, ಏರಿ ಬಂದಿರುತ್ತದೆ. ಸಮುದ್ರದ ಮೇಲೆ 1,500 ಅಡಿಯಲ್ಲಿ ಆರಾಮಾಗಿ ಹಾರುತ್ತಿದ್ದವರು ಅದೇ ಎತ್ತರದಲ್ಲಿ ಪೂರ್ವಕ್ಕೆ ತಿರುಗಿದರೆ ಘಟ್ಟಕ್ಕೆ ಮುಖ ಕೊಟ್ಟಂತೆ. ಟ್ಯಾಬಿನ ಆ್ಯಪ್‌ಗಳು ಮುಂದಿನ ನೆಲ ನಿಮ್ಮ ಎತ್ತರಕ್ಕೆ ಹತ್ತಿರ ಬಂದರೆ ಹಳದಿ, ತೀರಾ ಹತ್ತಿರ ಬಂದರೆ ಕೆಂಪು ಬಣ್ಣ ಬಳಿಯುತ್ತವೆ. ಜುಲೈ ತಿಂಗಳ ಘಟ್ಟ ನೆನಪಿಸಿಕೊಳ್ಳಿ. ಮೋಡ ಗುಡ್ಡದ ಮೇಲೇ ಕೂತಿರುತ್ತದೆ. ಕಣ್ಣಿಗೆ ಬಿಳಿ, ಪರದೆಯಲ್ಲಿ ಕೆಂಪು.

ಈ ಬೇಲಿಗಳು, ರೇಡಿಯೊ ತರಂಗಾಂಕಗಳು, ರನ್‌ವೇ ವಿವರಗಳು ಬದಲಾಗುತ್ತಲೇ ಇರುತ್ತವೆ. ಬದಲಾವಣೆ ಯಾವಾಗ ಜಾರಿಗೆ ಬರಬೇಕು ಅನ್ನುವುದಕ್ಕೆ ಜಗತ್ತಿಗೆಲ್ಲ ಒಂದೇ ಪಂಚಾಂಗ ಇದೆ: 28 ದಿನಕ್ಕೊಮ್ಮೆ. ಅದಕ್ಕೆ ಐರಾಕ್ ಚಕ್ರ ಅನ್ನುತ್ತಾರೆ. ಹಿಂದೆ ದಪ್ಪ ಕಡತದಲ್ಲಿ ಹಳೆ ಹಾಳೆ ಕಿತ್ತು ಹೊಸದು ಸೇರಿಸುತ್ತಾ ಕೂರಬೇಕಿತ್ತು. ಈಗ ಹೊರಡುವ ಮುಂಚೆ ವೈಫೈ ಇರುವಲ್ಲಿ ಕೂತು ಇಳಿಸಿಕೊಂಡರಾಯಿತು. ಮರೆತರೆ? ಚುಕ್ಕೆ ನಿಖರವಾಗಿ ಓಡುತ್ತದೆ, ಹಳೆಯ ಬೇಲಿಗಳ ಮೇಲೆ. ಬೂದು ಚೌಕವಾದರೆ ಕಣ್ಣಿಗೆ ಕಾಣುತ್ತದೆ. ಹಳೆ ನಕ್ಷೆ ಹೊಸದರಂತೆಯೇ ಕಾಣುತ್ತದೆ, ಅದಕ್ಕೇ ಅದು ಜಾಸ್ತಿ ಅಪಾಯ.

ಹತ್ತು ಸೆಂಟಿನ ನೋಟ್‌ಬುಕ್ಕಿನಿಂದ ಐಪ್ಯಾಡ್‌ವರೆಗೆ

ಪೈಲಟ್‌ಗಳ ನಕ್ಷೆ ವ್ಯಾಪಾರ ಶುರುವಾದ ಕಥೆ ಚೆಂದ ಇದೆ. 1930ರ ಆಸುಪಾಸಿನಲ್ಲಿ ಎಲ್ರೆ ಜೆಪ್ಪೆಸನ್ ಎಂಬ ಅಮೆರಿಕದ ಅಂಚೆ ವಿಮಾನದ ಪೈಲಟ್ ಹತ್ತು ಸೆಂಟ್ ಕೊಟ್ಟು ಒಂದು ಕಪ್ಪು ನೋಟ್‌ಬುಕ್ ಕೊಂಡರು. ಯಾವ ಮೈದಾನ ಎಷ್ಟು ಉದ್ದ, ಎಲ್ಲಿ ಎಷ್ಟು ಎತ್ತರದ ಗುಡ್ಡ ಇದೆ, ಹವೆ ಕೇಳಲು ಯಾವ ರೈತರಿಗೆ ಫೋನ್ ಮಾಡಬೇಕು ಅಂತೆಲ್ಲ ಬರೆದುಕೊಂಡರು. ಜೊತೆಯ ಪೈಲಟ್‌ಗಳು ಪ್ರತಿ ಕೇಳಿದರು. 1934ರಲ್ಲಿ ಜೆಪ್ಪೆಸನ್ ಅದನ್ನು ಹತ್ತು ಡಾಲರಿಗೆ ಮಾರಲು ಶುರು ಮಾಡಿದರು. ಅವರ ಹೆಸರಿನ ನಕ್ಷೆಗಳನ್ನು ಇಂದಿಗೂ ಜಗತ್ತಿನ ಪೈಲಟ್‌ಗಳು ಬಳಸುತ್ತಾರೆ.

ನೋಟ್‌ಬುಕ್ ಬೆಳೆದು ಕಡತ ಆಯಿತು, ಕಡತ ಬೆಳೆದು ಚೀಲ ಆಯಿತು. ಅಮೆರಿಕನ್ ಏರ್‌ಲೈನ್ಸ್ ಪೈಲಟ್‌ಗಳು ಹೊರುತ್ತಿದ್ದ ಕಾಗದದ ಚೀಲ ಸುಮಾರು 16 ಕಿಲೊ ತೂಗುತ್ತಿತ್ತು. 2010ರಲ್ಲಿ ಐಪ್ಯಾಡ್ ಬಂತು. 2013ಕ್ಕೆ ಆ ಕಂಪನಿ ಚೀಲ ಬಿಟ್ಟು ಟ್ಯಾಬ್ ಹಿಡಿಯಿತು. ಈ ವ್ಯವಸ್ಥೆಯ ಹೆಸರು ಈಗಲೂ ಎಲೆಕ್ಟ್ರಾನಿಕ್ ಫ್ಲೈಟ್ ಬ್ಯಾಗ್. ಚೀಲ ಹೋದರೂ ಹೆಸರಿನಲ್ಲಿ ಚೀಲ ಉಳಿಯಿತು.

ಸಣ್ಣ ವಿಮಾನದವರಿಗೆ ಇದು ಇನ್ನೂ ದೊಡ್ಡ ಲಾಭ. ವಿಮಾನದಲ್ಲೇ ಕೂರಿಸುವ ಅನುಮೋದಿತ ಜಿಪಿಎಸ್ ಉಪಕರಣ ಬಲು ದುಬಾರಿ. ಅದರ ಮುಂದೆ ಟ್ಯಾಬ್ ಅಗ್ಗ. ಅಮೆರಿಕದಲ್ಲಿ ಫೋರ್‌ಫ್ಲೈಟ್, ಯುರೋಪಿನಲ್ಲಿ ಸ್ಕೈಡೆಮನ್, ಜೊತೆಗೆ ಗಾರ್ಮಿನ್ ಪೈಲಟ್ ಮೊದಲಾದ ಆ್ಯಪ್‌ಗಳು ಹೆಸರು ಮಾಡಿವೆ. ಗೆರೆ ಎಳೆದರೆ ದೂರ, ಸಮಯ, ಪೆಟ್ರೋಲು ಎಲ್ಲ ಅದೇ ಹೇಳುತ್ತದೆ. ತದಡಿಯ ದೋಣಿಯವನ ಲೆಕ್ಕವನ್ನೂ ಅದೇ ಮಾಡಿಕೊಡುತ್ತದೆ.

ಟ್ಯಾಬ್ ಕೈಕೊಡುವುದು ಎಲ್ಲಿ?

ಅಗ್ಗದ ವಸ್ತುವಿನ ಹಣೆಬರಹ ಗೊತ್ತಲ್ಲ. ಮೊದಲ ಶತ್ರು ಬಿಸಿಲು. ಐಪ್ಯಾಡ್ ಬಳಸಲು 0ಯಿಂದ 35 ಡಿಗ್ರಿ ಸೆಲ್ಸಿಯಸ್ ವರೆಗಿನ ವಾತಾವರಣ ಸೂಕ್ತ ಅಂತ ತಯಾರಕರೇ ಹೇಳುತ್ತಾರೆ. ಸಣ್ಣ ವಿಮಾನದಲ್ಲಿ ಕೂರುವ ಜಾಗದ ಮುಂದೆ, ಪಕ್ಕಕ್ಕೆ ಎಲ್ಲ ಗಾಜು, ಬಹುತೇಕ ಎಸಿ ಇರುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಕೂತು ನೋಡಿ, ಅಂದಾಜಾಗುತ್ತದೆ. ಕಾದ ಟ್ಯಾಬ್ ನಕ್ಷೆ ತೆಗೆದು, ತಣ್ಣಗಾಗುವವರೆಗೆ ಬಳಸಬೇಡಿ ಎಂಬ ಸೂಚನೆ ಹಾಕಿ ಸುಮ್ಮನಾಗುತ್ತದೆ. ನಾನು ಅಂಗಳದಲ್ಲಿ ಅವಳ ಟ್ಯಾಬನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದಾಗ ಅವಳು ಓಡಿಬಂದು ಕಸಿದುಕೊಂಡದ್ದು ಇದಕ್ಕೇ. ಗಾಳಿಯ ಕಿಂಡಿ ಇರುವ ಕಡೆ ಅದನ್ನು ಇಡುವುದು, ಕೆಲಸ ಇಲ್ಲದಾಗ ನೆರಳಿಗೆ ಸರಿಸುವುದು, ಬಿಸಿಯಲ್ಲಿ ಚಾರ್ಜ್ ಹಾಕದಿರುವುದು ಎಲ್ಲ ಅವಳಿಗೆ ಅಭ್ಯಾಸವಾಗಿದೆ.

ಸಣ್ಣಪುಟ್ಟ ಕಾಟ ಬೇರೆ. ಬೆವರಿದ ಬೆರಳಿಗೆ ಪರದೆ ಓಗೊಡುವುದಿಲ್ಲ. ವಿಮಾನ ಕುಲುಕುವಾಗ ಒಂದು ಗುಂಡಿ ಒತ್ತಲು ಹೋಗಿ ಇನ್ನೊಂದು ಒತ್ತುತ್ತದೆ. ಪೋಲರಾಯ್ಡ್ ಕನ್ನಡಕ ಹಾಕಿದ್ದರೆ ಕೆಲವು ಪರದೆಗಳು ಒಂದು ಕೋನದಲ್ಲಿ ಪೂರ್ತಿ ಕಪ್ಪು. ಕಟ್ಟದೆ ಇಟ್ಟ ಟ್ಯಾಬ್ ಜಾರಿ ಕಾಲಬುಡದ ಪೆಡಲಿಗೆ ಸಿಕ್ಕಿಕೊಂಡರೆ ದೊಡ್ಡ ಕಥೆಯೇ. ತೊಡೆಗೆ ಪಟ್ಟಿ ಕಟ್ಟುವುದು ಅದಕ್ಕೆ.

ಸಾಫ್ಟ್‌ವೇರ್ ಕೈಕೊಡುವುದೂ ಇದೆ. 2015ರ ಏಪ್ರಿಲ್‌ನಲ್ಲಿ ಅದೇ ಅಮೆರಿಕನ್ ಏರ್‌ಲೈನ್ಸ್‌ನ ಹಲವು ವಿಮಾನಗಳು ತಡವಾದವು. ಪೈಲಟ್‌ಗಳ ಐಪ್ಯಾಡ್ ಆ್ಯಪ್ ನಿಂತುಹೋಗಿತ್ತು. ವಾಷಿಂಗ್ಟನ್ನಿನ ಒಂದು ನಿಲ್ದಾಣದ ನಕ್ಷೆ ಎರಡು ಸಲ ಸೇರಿಕೊಂಡದ್ದೇ ಕಾರಣ. ನೆಲದ ಮೇಲಿದ್ದಾಗ ಗೊತ್ತಾದ ಕಾರಣ ತಡವಾಯಿತು ಅಷ್ಟೇ.

ಹವಾಮಾನದ ಚಿತ್ರದ ವಿಷಯದಲ್ಲಿ ಇನ್ನೂ ನಾಜೂಕು ಇದೆ. ಅಮೆರಿಕದಲ್ಲಿ ಹಾರುವಾಗಲೇ ಮಳೆಮೋಡದ ರಡಾರ್ ಚಿತ್ರ ಟ್ಯಾಬಿಗೆ ಬರುತ್ತದೆ. ಅದರ ಮೇಲೆ "ಒಂದು ನಿಮಿಷ ಹಿಂದಿನದು" ಅಂತ ಬರೆದಿದ್ದರೂ ಒಳಗಿನ ಮಾಹಿತಿ ಹದಿನೈದಿಪ್ಪತ್ತು ನಿಮಿಷ ಹಳೆಯದಿರಬಹುದು ಎಂದು ಅಲ್ಲಿನ ಅಪಘಾತ ತನಿಖಾ ಮಂಡಳಿ 2012ರಲ್ಲೇ ಎಚ್ಚರಿಸಿತ್ತು. ನಮ್ಮ ಮಳೆಗಾಲದಲ್ಲಿ ಇಪ್ಪತ್ತು ನಿಮಿಷ ಅಂದರೆ ಏನು ಅಂತ ಕರಾವಳಿಯವರಿಗೆ ಹೇಳಬೇಕಾ? ಬಟ್ಟೆ ಒಣಗಲು ಹಾಕಿ ಒಳಗೆ ಬರುವಷ್ಟರಲ್ಲಿ ಹನಿ ಬಿದ್ದಿರುತ್ತದೆ.

ಇವೆಲ್ಲ ನಕ್ಷೆ ಮತ್ತು ಯಂತ್ರದ ತೊಂದರೆ. ಚುಕ್ಕೆಯೇ ಸುಳ್ಳು ಹೇಳುವುದೂ ಉಂಟು. 20,000 ಕಿ.ಮೀ. ದೂರದಿಂದ ಬರುವ ಅಲೆ ತೀರಾ ಕ್ಷೀಣ. ಜಾತ್ರೆಯ ಮೈಕಿನ ಮುಂದೆ ಪಿಸುಮಾತು ಇದ್ದಂತೆ. ನೆಲದಿಂದ ಜೋರಾಗಿ ಅಲೆ ಬಿಟ್ಟರೆ ಅದು ಮುಚ್ಚಿಹೋಗುತ್ತದೆ. ಇದು ಜಾಮಿಂಗ್. ಉಪಗ್ರಹದ ದನಿಯನ್ನೇ ಅನುಕರಿಸಿ ತಪ್ಪು ಜಾಗ ನಂಬಿಸುವುದು ಸ್ಪೂಫಿಂಗ್. ಪಶ್ಚಿಮ ಏಷ್ಯಾದ ಆಕಾಶದಲ್ಲಿ ಇಂಥವು ಜಾಸ್ತಿಯಾದ ಮೇಲೆ ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2023ರ ನವೆಂಬರ್‌ನಲ್ಲಿ ವಿಮಾನ ಕಂಪನಿಗಳಿಗೆ ಸೂಚನೆ ಕಳಿಸಿತು.

ಹಾಗಾದರೆ ವಿಮಾನದ ಸ್ವಂತ ಜಿಪಿಎಸ್‌ನಲ್ಲಿ ಏನು ವಿಶೇಷ?

ಅದಕ್ಕೆ ತನ್ನ ಮೇಲೇ ಅನುಮಾನ ಪಡುವ ಬುದ್ಧಿ ಇದೆ. ಜಾಗ ಕಂಡುಹಿಡಿಯಲು ನಾಲ್ಕು ಉಪಗ್ರಹ ಸಾಕು ಅಂದೆನಲ್ಲ. ಅನುಮೋದಿತ ಉಪಕರಣ ಐದನೆಯದನ್ನೂ ಕೇಳುತ್ತದೆ. ನಾಲ್ವರು ಒಂದು ಹೇಳಿ ಐದನೆಯವರು ಇನ್ನೊಂದು ಹೇಳಿದರೆ ಎಲ್ಲೋ ತಪ್ಪಿದೆ ಅಂತ ಅದು ಪೈಲಟ್‌ಗೆ ತಿಳಿಸುತ್ತದೆ. ತರಕಾರಿ ತೂಕದ ಮೇಲೆ ಅನುಮಾನ ಬಂದರೆ ಪಕ್ಕದ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡುತ್ತೇವಲ್ಲ, ಹಾಗೆ. ಟ್ಯಾಬ್‌ನ ಜಿಪಿಎಸ್ ಇಂಥ ಎಚ್ಚರಿಕೆ ಕೊಡುವುದಿಲ್ಲ. ತಪ್ಪಿದ್ದರೂ ಅದೇ ಠೀವಿಯ ಚುಕ್ಕೆ.

ಭಾರತದಲ್ಲಿ ಇದರ ಮೇಲೊಂದು ತಿದ್ದುಪಡಿಯ ವ್ಯವಸ್ಥೆ ಇದೆ, ಹೆಸರು ಗಗನ್. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ್ದು. ತಮ್ಮ ಜಾಗ ಖಚಿತವಾಗಿ ಗೊತ್ತಿರುವ ನೆಲಕೇಂದ್ರಗಳು ಜಿಪಿಎಸ್ ಎಷ್ಟು ತಪ್ಪು ಹೇಳುತ್ತಿದೆ ಅಂತ ಅಳೆಯುತ್ತವೆ. ಆ ತಿದ್ದುಪಡಿಯನ್ನು ಜಿಸ್ಯಾಟ್ 8, 10 ಮತ್ತು 15 ಉಪಗ್ರಹಗಳ ಮೂಲಕ ದೇಶಕ್ಕೆಲ್ಲ ಸಾರುತ್ತಾರೆ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋದ ಎಟಿಆರ್ ವಿಮಾನ ಗಗನ್ ನೆರವಿನಿಂದ ಇಳಿಯಿತು. ಹಾಗೆ ಇಳಿಸಿದ್ದು ವಿಮಾನದಲ್ಲಿ ಕೂರಿಸಿದ ಉಪಕರಣ. ಮೋಡದೊಳಗೆ ಟ್ಯಾಬಿನ ಚುಕ್ಕೆ ನೋಡಿ ರನ್‌ವೇಗೆ ಇಳಿಯುವುದಕ್ಕೆ ಯಾವ ನಿಯಮವೂ ಒಪ್ಪುವುದಿಲ್ಲ. ಆಕಾಶ ತಿಳಿಯಾಗಿದ್ದು ಕಣ್ಣಿಂದಲೇ ನೋಡಿ ಹಾರುವಾಗ ಟ್ಯಾಬ್ ಒಳ್ಳೆಯ ಸಹಾಯಕ.

ತಂಗಿಯ ಮಗಳ ಬ್ಯಾಗಿನ ತಳದಲ್ಲಿ ಮಡಚಿದ ಕಾಗದದ ನಕ್ಷೆ, ಎರಡು ಪೆನ್ಸಿಲ್ ಇದ್ದವು. ಅವಳ ಗುರುಗಳು ಹಾರುತ್ತಿರುವಾಗ ಇದ್ದಕ್ಕಿದ್ದಂತೆ ಟ್ಯಾಬಿನ ಮೇಲೆ ಕಾಗದ ಮುಚ್ಚಿ "ಈಗ ಎಲ್ಲಿದ್ದೀಯ, ಹೊರಗೆ ನೋಡಿ ಹೇಳು" ಅನ್ನುತ್ತಾರಂತೆ. "ಮೊದಲ ಸಲ ಎರಡು ಕೆರೆ ನೋಡಿ ಎರಡಕ್ಕೂ ಒಂದೇ ಹೆಸರು ಹೇಳಿದೆ ಮಾವ" ಅಂತ ನಕ್ಕಳು.

ಪ್ರಯಾಣಿಕರಾಗಿ ನೀವೂ ನೋಡಬಹುದು

ಅಲಗೇರಿಯ ಮಾತು ಬಂದಾಗ ಇನ್ನೊಂದು ಪ್ರಶ್ನೆಯೂ ಏಳುತ್ತದೆ: ನಮ್ಮ ಮೊಬೈಲಿನಲ್ಲೂ ಈ ಚುಕ್ಕೆ ಬರುತ್ತದಾ? ಬರುತ್ತದೆ. ಗೋವಾದಿಂದಲೋ ಹುಬ್ಬಳ್ಳಿಯಿಂದಲೋ ವಿಮಾನ ಹತ್ತುವವರು ಹಿಂದಿನ ದಿನವೇ ಮನೆಯಲ್ಲಿ ಕೂತು ನಮ್ಮ ಭಾಗದ ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳಿ. ಒಳಗೆ ಕೂತ ಮೇಲೆ ಏರೋಪ್ಲೇನ್ ಮೋಡ್ ಹಾಕಿ. ಆಗಲೂ ಜಿಪಿಎಸ್ ಕೇಳಿಸಿಕೊಳ್ಳಬಲ್ಲದು, ಅದು ಏನನ್ನೂ ಕಳಿಸುವುದಿಲ್ಲವಲ್ಲ. ಕಿಟಕಿ ಸೀಟೇ ಬೇಕು, ಲೋಹದ ಗೋಡೆ ಅಲೆಯನ್ನು ತಡೆಯುತ್ತದೆ. ಮೊಬೈಲನ್ನು ಗಾಜಿಗೆ ಒತ್ತಿ ಹಿಡಿದು ಒಂದೆರಡು ನಿಮಿಷ ಕಾಯಿರಿ. ನಾಲ್ಕು ಉಪಗ್ರಹ ಸಿಗುವವರೆಗೆ ಏನೂ ಕಾಣುವುದಿಲ್ಲ. ಸಿಕ್ಕಿದ ಮೇಲೆ ಚುಕ್ಕೆ ಘಟ್ಟದ ಮೇಲೆ ಓಡಲು ಶುರುವಾಗುತ್ತದೆ. ಆಗ ಒಮ್ಮೆ ಪರದೆ ಮುಚ್ಚಿ ಕೆಳಗೆ ಕಾಣುವ ನದಿ ಯಾವುದು ಅಂತ ಹೇಳಿ ನೋಡಿ.